ಮುಂಬಯಿಯವರು ಒಪ್ಪದ ತೋಳು

ಆ ನೀಲಿ ರಟ್ಟಿನ ಪುಸ್ತಿಕೆ ಈಗ ಕೈಗೆ ಸಿಕ್ಕರೆ ಒಲೆಗೆ ಹಾಕುತ್ತೇನೆ. ಯುರೋಪಿನ ಒಂದು ದೊಡ್ಡ ಊರಿನಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನಕ್ಕೆ ಬರುವ ಪ್ರತಿನಿಧಿಗಳಿಗಾಗಿ ಅಚ್ಚು ಹಾಕಿಸಿದ ಮಾಹಿತಿ ಅದು. ಸಭಾಂಗಣಕ್ಕೆ ಯಾವ ಟ್ರಾಮು ಹೋಗುತ್ತದೆ, ಔತಣಕ್ಕೆ ಎಂಥ ಸೂಟು ಹಾಕಿಕೊಂಡು ಬರಬೇಕು, ಗಂಡಂದಿರು ಭಾಷಣ ಕೇಳುತ್ತ ಕೂತಾಗ ಹೆಂಡಂದಿರು ಯಾವ ತೋಟ ನೋಡಿ ಬರಬಹುದು, ಎಲ್ಲ ಇತ್ತು. ಮಾಂಸ ತಿನ್ನದವರು ಮೊದಲೇ ಪತ್ರ ಬರೆದು ತಿಳಿಸಬೇಕಂತೆ. ಕೊಡೆ ತರುವುದು ಒಳ್ಳೆಯದಂತೆ. ಮೂರು ವರ್ಷಕ್ಕೊಮ್ಮೆ ನೆಟ್ಟಗೆ ಮಳೆ ಕಾಣುವ ಸೀಮೆಯವನಿಗೆ ಕೊಡೆಯ ಉಪದೇಶ!

ಐವತ್ತರ ದಶಕದ ಆ ದಿನಗಳಲ್ಲಿ ನಾನು ರೋಣ ತಾಲೂಕಿನಲ್ಲಿ ಡಾಕ್ಟರನಾಗಿದ್ದೆ. ಗಜೇಂದ್ರಗಡದ ನೇಕಾರರ ಮನೆಯ ಮಗ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಅವ್ವ ಕಂಡಿಕೆ ಸುತ್ತುತ್ತಿದ್ದಳು. ನಮ್ಮ ಓಣಿಯಲ್ಲಿ ಡಾಕ್ಟರಕಿ ಕಲಿತವನು ನಾನೊಬ್ಬನೇ ಆಗಿದ್ದರಿಂದ ಸೊಕ್ಕು ಸ್ವಲ್ಪ ಇತ್ತು. ಸಿಟ್ಟಂತೂ ಮೂಗಿನ ತುದಿಯ ಮೇಲೇ ಇರುತ್ತಿತ್ತು.

ನನ್ನ ಮುಖ್ಯ ಕೆಲಸ ಸಿಡುಬಿಗೆ ಚುಚ್ಚುವುದು. ನಮ್ಮ ಕಡೆ ಅದಕ್ಕೆ ದೇವಿ ಹಾಕುವುದು ಎನ್ನುತ್ತಿದ್ದರು. ನಾನು ಹೊಸದಾಗಿ ಬಂದಾಗ, ದೇವಿ ಡಾಕ್ಟರ ಬಂದ ಎಂದರೆ ಸಾಕು, ಮಕ್ಕಳು ಬಣವಿಯ ಹಿಂದೆ ಮಾಯವಾಗುತ್ತಿದ್ದವು. ಸಿಕ್ಕವರಿಗೆ ಹಾಕಿದರೂ ನಾನು ಊರ ಅಗಸಿ ದಾಟುವುದರೊಳಗೆ ತಾಯಂದಿರು ಬೂದಿ ಹಚ್ಚಿ ಒರೆಸಿಬಿಡುತ್ತಿದ್ದರು. ನಾನು ಬೈಯುತ್ತಿದ್ದೆ. ಬೈದಷ್ಟೂ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು.

ದಾರಿ ತೋರಿಸಿದವನು ಯಾವಗಲ್ ಎಂಬ ಹಳ್ಳಿಯ ಒಬ್ಬ ಮುದುಕ. ಚಾವಡಿಯಲ್ಲಿ ನಾನು ಅರ್ಧ ತಾಸು ಭಾಷಣ ಬಿಗಿದ ಮೇಲೆ ಆತ ಎಲೆ ಅಡಿಕೆ ಉಗುಳಿ ಬಂದು ನನ್ನ ಮುಂದೆ ಕೂತ.

"ಅಷ್ಟ ಚಲೋ ಇದ್ರ ಮೊದಲ ನಿಮ್ಮ ತೋಳಿಗೆ ಹಾಕ್ಕೋರಿ ನೋಡೂಣು. ಆಮ್ಯಾಲ ನಮ್ಮ ಹುಡುಗರನ್ನ ಕೇಳ್ರಿ."

ಸಿಟ್ಟಿನ ಭರದಲ್ಲೇ ಅಂಗಿಯ ತೋಳು ಏರಿಸಿ, ಎಲ್ಲರ ಕಣ್ಣೆದುರು ನನಗೆ ನಾನೇ ಚುಚ್ಚಿಕೊಂಡೆ. ಮುದುಕ ತನ್ನ ಮೊಮ್ಮಗನನ್ನು ಮುಂದೆ ದೂಡಿದ. ಅವನ ಹಿಂದೆ ಇಡೀ ಊರು ಬಂತು.

ಅಂದಿನಿಂದ ಅದೇ ಪದ್ಧತಿಯಾಯಿತು. ಯಾವ ಊರಿಗೆ ಹೋದರೂ ಮೊದಲು ನನ್ನ ತೋಳು, ಆಮೇಲೆ ಮಕ್ಕಳ ತೋಳು. ಹಾಗೆ ಮೇಲಿಂದ ಮೇಲೆ ಚುಚ್ಚಿಕೊಳ್ಳುವ ಅಗತ್ಯ ಶಾಸ್ತ್ರದ ಪ್ರಕಾರ ಏನೂ ಇರಲಿಲ್ಲ. ಮೊದಮೊದಲು ಗುಳ್ಳೆ ಎದ್ದು ಕಲೆಯಾದವು. ಮೈ ರೋಗವನ್ನು ತಡೆಯಲು ಕಲಿತುಬಿಟ್ಟಿತ್ತಾದ್ದರಿಂದ ಬರಬರುತ್ತ ಬರೇ ಗೀರು ಉಳಿಯತೊಡಗಿತು. ಆದರೆ ಜನಕ್ಕೆ ಶಾಸ್ತ್ರ ಬೇಕಾಗಿರಲಿಲ್ಲ. "ಡಾಕ್ಟರ್ರ, ತೋಳ ತೋರಸ್ರಿ" ಎಂದು ಹೆಂಗಸರು ಮುಂದೆ ಬಂದು, ಕಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸುತ್ತಿದ್ದರು. ಸಿಡುಬು ಹೊಕ್ಕ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುತ್ತಾರೆ. ಆ ತೊಪ್ಪಲು ತಮ್ಮ ಬಾಗಿಲಿಗೂ ಬಾರದಂತೆ ತಡೆಯಲು ಆ ತಾಯಂದಿರು ನೆಚ್ಚಿಕೊಂಡಿದ್ದು ನನ್ನ ಎಡತೋಳನ್ನು ಮಾತ್ರ. ಸರಕಾರವನ್ನೂ ಅಲ್ಲ, ನನ್ನ ಭಾಷಣವನ್ನೂ ಅಲ್ಲ.

ಇದನ್ನೇ ಒಂದು ಪ್ರಬಂಧವಾಗಿ ಬರೆದು ಸಮ್ಮೇಳನಕ್ಕೆ ಕಳಿಸಿದ್ದೆ. ಅವರು ಒಪ್ಪಿ, ಹಡಗಿನ ಟಿಕೀಟನ್ನೂ ಆ ನೀಲಿ ಪುಸ್ತಿಕೆಯನ್ನೂ ಕಳಿಸಿದರು. ಓಣಿಯವರೆಲ್ಲ ಹಬ್ಬ ಮಾಡಿದರು. ನರಗುಂದದ ಸಿಂಪಿಗನೊಬ್ಬ, ಜೀವಮಾನದಲ್ಲಿ ಮದುಮಕ್ಕಳ ಕೋಟು ಬಿಟ್ಟು ಬೇರೇನೂ ಹೊಲಿಯದವನು, ಪುಸ್ತಿಕೆಯ ಚಿತ್ರ ನೋಡಿಕೊಂಡು ಕರಿ ಸೂಟು ಹೊಲಿದುಕೊಟ್ಟ. ಹಾಕಿಕೊಂಡು ನಿಂತರೆ ಬಾಸಿಂಗವೊಂದು ಕಡಿಮೆ. ಅವ್ವನಿಗೆ ಚಿಂತೆ ಬೇರೆ.

"ತಿಂಗಳಗಟ್ಲೆ ರೊಟ್ಟಿ ಇಲ್ಲದ ಹ್ಯಾಂಗ ಇರತೀಯೋ ಯಪ್ಪಾ?" ಎಂದು ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು.

ಪುಸ್ತಿಕೆಯ ಒಂದು ಮೂಲೆಯಲ್ಲಿ ಎರಡು ಸಾಲಿದ್ದವು. ಭಾರತದಿಂದ ಬರುವವರು ಸಿಡುಬಿನ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟು ತರಬೇಕು, ಅದಕ್ಕೆ ಅಧಿಕಾರವುಳ್ಳ ಡಾಕ್ಟರನ ಸಹಿ, ಮುದ್ರೆ ಇರಬೇಕು, ಇಲ್ಲದಿದ್ದರೆ ಹಡಗಿನಿಂದ ಇಳಿಸುವುದಿಲ್ಲ. ಓದಿ ನಕ್ಕೆ. ಲಸಿಕೆಯ ಬಗ್ಗೆಯೇ ಮಾತಾಡಲು ಹೊರಟವನನ್ನು ಲಸಿಕೆ ಆಗಿದೆಯೇ ಎಂದು ಕೇಳುತ್ತಾರಲ್ಲ! ನಮ್ಮ ತಾಲೂಕಿನಲ್ಲಿ ಅಧಿಕಾರವುಳ್ಳ ಡಾಕ್ಟರ ನಾನೇ, ಮುದ್ರೆ ಇದ್ದದ್ದು ನನ್ನ ಮೇಜಿನ ಡ್ರಾದಲ್ಲೇ. ಫಾರ್ಮು ತೆಗೆದು, ಹಾಕಿಸಿಕೊಂಡವನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಹಾಕಿದವನ ಜಾಗದಲ್ಲೂ ನನ್ನ ಹೆಸರೇ ಬರೆದು ಮುದ್ರೆ ಒತ್ತಿದೆ. ಕಂಪೌಂಡರ ಪಕ್ಕದಲ್ಲೇ ನಿಂತು ಮಸಿ ಆರಲೆಂದು ಗಾಳಿ ಬೀಸಿದ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ವರ್ಷಗಟ್ಟಲೆ ನನಗೆ ನಾನೇ ಹಾಕಿಕೊಳ್ಳುತ್ತ ಬಂದವನಿಗೆ ಅದು ಹೊಳೆಯುವುದಾದರೂ ಹೇಗೆ?

ಹಡಗು ಹೊರಡಲು ಹನ್ನೊಂದು ದಿನ ಇರುವಾಗ ಮುಂಬಯಿ ಮುಟ್ಟಿದೆ. ಹಡಗು ಹತ್ತುವವರ ಕಾಗದ ನೋಡುವ ಕಚೇರಿಯಲ್ಲಿ ಒಬ್ಬ ಗುಮಾಸ್ತ ನನ್ನ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದ.

ಲಸಿಕೆ ಹಾಕಿದವರು ಯಾರು ಎಂದು ಕೇಳಿದ. ನಾನು ಎಂದೆ. ಹಾಕಿಸಿಕೊಂಡವರು ಯಾರು ಎಂದ. ನಾನೇ ಎಂದೆ. ಅವನು ಪಕ್ಕದ ಮೇಜಿನವನಿಗೆ ಕಾಗದ ತೋರಿಸಿದ. ಇಬ್ಬರೂ ನಕ್ಕರು.

ಅಲ್ಲೇ ಅಂಗಿ ಬಿಚ್ಚಿದೆ. ಕಚೇರಿಯ ನಟ್ಟನಡುವೆ, ಸಾಲಿನಲ್ಲಿ ನಿಂತವರ ಎದುರು, ತೋಳು ತೋರಿಸಿದೆ. ಒಳಗಿನಿಂದ ಅವರ ಡಾಕ್ಟರ ಬಂದ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ತೋಳಿನ ಕಡೆ ಕಣ್ಣೆತ್ತಿ ಕೂಡ ನೋಡಲಿಲ್ಲ. ತನಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟು ನಡೆಯುವುದಿಲ್ಲ, ಹಾಗಾಗಿ ಕಾಗದದ ಮಟ್ಟಿಗೆ ನಿಮಗೆ ಲಸಿಕೆಯೇ ಆಗಿಲ್ಲ, ಇದೇ ಮೊದಲ ಲಸಿಕೆ ಎಂದು ಬರೆದುಕೊಂಡು ಈಗ ಹಾಕುತ್ತೇನೆ, ಎಂಟನೆಯ ದಿನ ಬನ್ನಿ, ಗುಳ್ಳೆ ಎದ್ದಿದ್ದರೆ ಸಹಿ ಮಾಡುತ್ತೇನೆ ಎಂದ.

"ಏಳುವುದಿಲ್ಲ ಕಣಯ್ಯಾ! ನನ್ನ ಮೈಯಲ್ಲಿ ಅದಿನ್ನು ಏಳುವುದಿಲ್ಲ. ಡಾಕ್ಟರನಾಗಿ ನಿನಗಿಷ್ಟೂ ಗೊತ್ತಿಲ್ಲವೇ?" ಎಂದು ಇಂಗ್ಲಿಷಿನಲ್ಲೇ ಅರಚಿದೆ. ಗೊತ್ತಿದೆ, ಆದರೆ ನಿಯಮ ಹೀಗಿದೆ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಇಂಥವರನ್ನು ನೋಡಿಯೇ ಹೇಳಿರಬೇಕು.

ಬೇರೆ ದಾರಿಯಿಲ್ಲದೆ ಚುಚ್ಚಿಸಿಕೊಂಡು, ಗಿರಗಾಂವದ ಚಾಳೊಂದರಲ್ಲಿ ಪರಿಚಯದವರ ಮನೆಯಲ್ಲಿ ಎಂಟು ದಿನ ಕೂತೆ. ದಿನಕ್ಕೆ ಹತ್ತು ಸಲ ತೋಳು ನೋಡಿಕೊಳ್ಳುತ್ತಿದ್ದೆ. ಸಿಡುಬು ತಾಗದ ಮೈ ನನಗಿರುವುದಕ್ಕೆ ನಾನೇ ಶಾಪ ಹಾಕಿಕೊಂಡ ದಿನಗಳು ಅವು. ಎಂಟನೆಯ ದಿನ ಚುಚ್ಚಿದ ಜಾಗ ಒಣಗಿ ನುಣ್ಣಗಿತ್ತು. ಆ ಡಾಕ್ಟರ ನೋಡಿದ, "ಫಲ ಕೊಟ್ಟಿಲ್ಲ" ಎಂದು ಬರೆದ, ಇನ್ನೊಮ್ಮೆ ಹಾಕುತ್ತೇನೆ, ಇನ್ನೆಂಟು ದಿನ ಬಿಟ್ಟು ಬನ್ನಿ ಎಂದ. ಹಡಗಿಗೆ ಮೂರೇ ದಿನ ಉಳಿದಿತ್ತು. ಕಾಗದ ಕಸಿದುಕೊಂಡು ಹೊರಬಿದ್ದೆ.

ರೈಲಿನಲ್ಲಿ ಗದಗಿನವರೆಗೆ, ಅಲ್ಲಿಂದ ಬಸ್ಸಿನಲ್ಲಿ, ದಾರಿಯುದ್ದಕ್ಕೂ ನನ್ನೊಳಗೆ ನಾನು ಆ ಡಾಕ್ಟರನ ಜೊತೆ ಜಗಳಾಡುತ್ತಲೇ ಇದ್ದೆ. ಗಜೇಂದ್ರಗಡದಲ್ಲಿ ಇಳಿದಾಗ ಸಂತೆಯ ದಿನ. ಬಸ್ ಸ್ಟ್ಯಾಂಡಿನ ತುಂಬ ಸುತ್ತಿನ ಹಳ್ಳಿಗಳ ಜನ. ಸೂಟಕೇಸು ಹಿಡಿದು ಇಳಿದ ನನ್ನನ್ನು ನೋಡಿ ಎಲ್ಲರಿಗೂ ಆಶ್ಚರ್ಯ.

"ಯಾಕ್ರಿ ಡಾಕ್ಟರ್ರ, ಇಷ್ಟ ಲಗೂ ಬಂದ್ರಿ? ಹಡಗ ಹೋತೇನು?"

ಆಗ ಬಾಯಿ ಬಿಟ್ಟೆ ನೋಡಿ. ಹೋಟೆಲಿನ ಬೆಂಚಿನ ಮೇಲೆ ಹತ್ತಿ ನಿಂತು, ಆ ಕಾಗದವನ್ನು ಎತ್ತಿ ಹಿಡಿದು ಒದರಿದೆ. "ಮುಂಬಯಿಯವ್ರು ನನ್ನ ದೇವಿ ಖೋಟಾ ಅಂದ್ರು! ಕೇಳ್ರಿ ಎಲ್ಲಾರೂ! ಎಂಟ ದಿನಾ ಕುಂದರಿಸಿ ನೋಡಿ, ಇಂವಗ ದೇವಿ ಎದ್ದಿಲ್ಲ ಅಂತ ಬರದ ಕೊಟ್ರು! ಇಷ್ಟ ವರ್ಷ ಹಾಕ್ಕೊಂಡಿದ್ದೆಲ್ಲಾ ಸುಳ್ಳಂತ!"

ಖೋಟಾ ಎಂಬ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ. ಅದು ನನ್ನ ಸಿಟ್ಟು ಸೇರಿಸಿದ ಮಾತು. ಜನ ಗುಂಪುಗೂಡಿದರು. ಲೊಚಗುಟ್ಟಿದರು. ಯಾರೋ ಚಹಾ ಕೊಟ್ಟರು. ಅವರ ಮರುಕ ನನಗೆ ಹಿತವಾಗಿತ್ತು, ಆದ್ದರಿಂದ ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ನನ್ನ ಮೈಯಲ್ಲಿ ಈಗ ಗುಳ್ಳೆ ಏಳದಿರುವುದೇ ಹಿಂದಿನ ಲಸಿಕೆ ಹತ್ತಿದ್ದಕ್ಕೆ ಗುರುತು ಎಂದು ತಿಳಿಸಿ ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನನಗೆ ಬೈಗುಳಕ್ಕೇ ಬೇಕಾಯಿತು. ಮನೆಗೆ ಬಂದ ಮೇಲೆ ಎಲ್ಲ ಕೇಳಿದ ಅಪ್ಪ ಮಗ್ಗದಿಂದ ಏಳದೆ ಒಂದೇ ಮಾತು ಹೇಳಿದ.

"ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದಮ್ಯಾಲ ಬರತೈತೇನೋ?"

ನನ್ನ ಹಡಗು ತಪ್ಪಿದ್ದಕ್ಕೂ ಮೂಗಿಗೂ ಏನು ಸಂಬಂಧ ಎಂದು ಅವನ ಮೇಲೂ ರೇಗಿದೆ.

ತಿಂಗಳು ಕಳೆದು ಪುರ್ತಗೇರಿ ಎಂಬ ಹಳ್ಳಿಗೆ ಹೋದೆ. ಚಾವಡಿಯಲ್ಲಿ ಎಂದಿನಂತೆ ಕೂತು ತೋಳು ಏರಿಸಿದೆ. ಯಾರೂ ಮುಟ್ಟಿ ನೋಡಲು ಬರಲಿಲ್ಲ. ಹಿರಿಯರು ಮರ್ಯಾದೆಯಿಂದ ಚಹಾ ತರಿಸಿದರು.

"ಈ ಸಲ ಬ್ಯಾಡ್ರಿ ಡಾಕ್ಟರ್ರ," ಎಂದರು. "ಮುಂದ ನೋಡೂಣು."

ಎಳೆ ಮಗಳನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದ ಒಬ್ಬ ಹೆಣ್ಣುಮಗಳನ್ನು ಕರೆದೆ. ಆಕೆ ಕೂಸಿನ ಮೇಲೆ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಸೆರಗಿನ ಸಂದಿಯಿಂದ ಕೂಸು ನನ್ನನ್ನೇ ಪಿಳಿಪಿಳಿ ನೋಡುತ್ತಿತ್ತು. ಇಷ್ಟು ವರ್ಷ ಮೈ ಚುಚ್ಚಿಕೊಂಡು ತಿರುಗಿದ್ದಕ್ಕೆ ಇದೇ ಏನು ಬೆಲೆ ಎಂದು ನನಗೆ ರೋಷ ಉಕ್ಕಿತು. "ಹಾಳಾಗಿ ಹೋಗ್ರಿ! ನಂಬಿಕಿಲ್ಲದ ಮಂದಿ!" ಎಂದು ಪೆಟ್ಟಿಗೆ ಮುಚ್ಚಿ ಸೈಕಲ್ಲು ಹತ್ತಿದೆ. ಮೊದಲಿನಂತೆ ಅಲ್ಲೇ ಕೂತು, ಇನ್ನೊಬ್ಬ ಮುದುಕ ಮುಂದೆ ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ.

ಆ ಬೇಸಿಗೆಯಲ್ಲಿ ಸಿಡುಬು ಬಂತು. ಬೇವಿನ ತೊಪ್ಪಲು ಬಾಗಿಲಿಂದ ಬಾಗಿಲಿಗೆ ನಡೆಯಿತು. ಆಗ ಎಲ್ಲರೂ ತಾವಾಗಿಯೇ ತೋಳು ಒಡ್ಡಿದರು. ಹಗಲೆಲ್ಲ ಹಾಕಿದೆ. ಕೆಲವರಿಗೆ ಅದು ತಡವಾಗಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಸೆರಗು ಎಳೆದುಕೊಂಡಿದ್ದ ಆ ಹೆಣ್ಣುಮಗಳು ದವಾಖಾನೆಗೆ ಬಂದಳು. ಕೂಸು ಬದುಕಿತ್ತು. ಮುಖದ ತುಂಬ ಕಲೆ, ಎರಡೂ ಕಣ್ಣಿನ ಮೇಲೆ ಬಿಳಿ ಪೊರೆ. ಕಣ್ಣಿಗೆ ಏನಾದರೂ ಹಾಕಿ ಕೊಡಿ ಎಂದು ಕೇಳಿದಳು. ದೀಪ ಹಿಡಿದು ನೋಡಿದೆ. ಹಾಕುವಂಥದ್ದು ಏನೂ ಉಳಿದಿರಲಿಲ್ಲ. ಆಗಲೂ ನನ್ನ ಬಾಯಿಂದ ಮೊದಲು ಬಂದದ್ದು ಸಿಟ್ಟೇ.

"ಅವತ್ತ ಯಾಕ ಹಾಕಿಸಲಿಲ್ಲವಾ? ನಾ ಕರದ್ನಿಲ್ಲೋ ನಿನ್ನ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಸಾವಕಾಶ ಹೇಳಿದಳು.

"ನಿಮ್ಮ ದೇವಿ ಖೋಟಾ ಅಂತ ಗಜೇಂದ್ರಗಡದ ಬಸ್ ಸ್ಟ್ಯಾಂಡಿನ್ಯಾಗ ನೀವ ಹೇಳಿದ್ರೆಲ್ರಿ. ನಮ್ಮ ಮನಿಯವ್ರು ಅಲ್ಲೇ ನಿಂತು ಕೇಳ್ಯಾರ. ಡಾಕ್ಟರ್ರು ಸುಳ್ಳ ಹೇಳತಾರೇನು, ಬ್ಯಾಡ ಬಿಡು ಅಂದ್ರು."

ಅಷ್ಟು ದಿನ ನಾನು ಆ ಗುಮಾಸ್ತನನ್ನು ಬೈದಿದ್ದೆ, ಆ ಡಾಕ್ಟರನನ್ನು ಬೈದಿದ್ದೆ, ಪುಸ್ತಿಕೆ ಅಚ್ಚು ಹಾಕಿದವರನ್ನು ಬೈದಿದ್ದೆ, ನಂಬಿಕೆ ಇಲ್ಲದ ಮಂದಿ ಎಂದು ಇಡೀ ಊರನ್ನೇ ಬೈದು ಬಂದಿದ್ದೆ. ನನ್ನ ಗದರಿಕೆಯ ದನಿ ಕೇಳಿ ಆ ಕೂಸು ನಾನಿರುವ ಕಡೆಗೆ ಮುಖ ತಿರುಗಿಸಿತು. ಅವರು ನನ್ನನ್ನು ನಂಬದೆ ಹೋದವರಲ್ಲ. ನಾನು ಹೇಳಿದ್ದನ್ನು ಅಕ್ಷರಶಃ ನಂಬಿದ್ದರು.