ಬ್ರೇಕ್ ಒತ್ತುವ ಕೆಲಸ

“ಒತ್ತ! ಗಟ್ಟಿ ಹಿಡಿ!” ಎಂದು ನಮ್ಮ ಯಜಮಾನರು ಟೆಂಪೊದ ಕೆಳಗಿಂದ ಕೂಗಿದರು. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ನಾನು ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದೆ.

ಅದು ಎಂಬತ್ತರ ದಶಕ. ಇಚಲಕರಂಜಿಯ ಮಗ್ಗಗಳಿಗೆ ನೂಲು ಸಾಗಿಸುತ್ತಿದ್ದ ಆ ಟೆಂಪೊದ ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿ ಬ್ರೇಕ್ ಹಿಡಿಯದಾದರೆ, ಅದನ್ನು ತೆಗೆಯುವುದು ನಮ್ಮಿಬ್ಬರ ಕೆಲಸವಾಗಿತ್ತು. ನಾನು ಪೆಡಲ್ ಒತ್ತಿ ಹಿಡಿದು, ಓಣಿಯ ಮಗ್ಗಗಳ ಸದ್ದಿನಲ್ಲೂ ಕೇಳುವಂತೆ ಜೋರಾಗಿ “ಹೂಂ” ಅನ್ನಬೇಕು. ಆಮೇಲೆಯೇ ಅವರು ಚಕ್ರದ ಹಿಂದಿನ ನಟ್ಟು ಸಡಿಲಿಸಿ ಗಾಳಿ ಬಿಡುತ್ತಿದ್ದರು. ನನಗೆ ಮೊಣಕಾಲು ನೋವು ಶುರುವಾದ ಮೇಲೆ ಅವರು ಕೊಲ್ಹಾಪುರದಿಂದ ಒಂದು ಕೈಪಂಪು ತಂದರು. ಗಾಳಿಯನ್ನೂ ಹಳೆಯ ಆಯಿಲನ್ನೂ ಅದೇ ಎಳೆದುಕೊಳ್ಳುತ್ತಿತ್ತು. ಪೆಡಲ್ ಒತ್ತಲು ಯಾರೂ ಬೇಕಿರಲಿಲ್ಲ. “ಇನ್ನ ನಿನಗ ತ್ರಾಸ ಇಲ್ಲ ನೋಡ” ಅಂದಿದ್ದರು. ನನಗೇಕೋ ಆ ಪಂಪು ಹಿಡಿಸಿರಲಿಲ್ಲ.

ಆ ದಿನ ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಗ್ಗಿ ನೋಡಿದೆ. ಪಂಪು ಅವರ ಕೈಯಲ್ಲೇ ಇತ್ತು.

“ಯಾರಿಗೆ ಒತ್ತ ಅನ್ನಾಕತ್ತೀರಿ? ಪಂಪ್ ಐತೆಲ್ರಿ!”

ಆಯಿಲ್ ಮೆತ್ತಿದ ಮುಖದಲ್ಲಿ ಅವರು ನಾಚಿ ನಕ್ಕರು. “ಐತಿ ಖರೆ. ಆದ್ರ ಅದು ಹೂಂ ಅನ್ನಂಗಿಲ್ಲಲ್ಲ.”

ನಾನು ಸೀಟು ಹತ್ತಿ ಕುಳಿತೆ. ಪೆಡಲ್ ಮುಟ್ಟಲಿಲ್ಲ. ಅವರು ಪಂಪು ಅದುಮಿ ಕೂಗಿದಾಗಲೆಲ್ಲ ಮೇಲಿನಿಂದ “ಹೂಂ” ಅಂದೆ, ಅಷ್ಟೇ.

ಆ ಟೆಂಪೊ ಮಾರಿ ಎಷ್ಟೋ ವರ್ಷಗಳಾದವು. ಈಗಲೂ ಅವರು ಹೊರಗಿನಿಂದ ನನ್ನನ್ನು ಕೂಗಿದರೆ, ಬಾಯಿ “ಹೂಂ” ಅನ್ನುವ ಮೊದಲೇ ನನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿರುತ್ತದೆ.