ಹಸಿರು ಸಾಹೇಬರ ಗ್ಲೌಸು
ಅವಳ ಗಂಡ ಕೊನೆಯ ಸಲ ಕೆಲಸಕ್ಕೆ ಹೋದ ದಿನವೂ ಹಸಿರು ಸಾಹೇಬರು ಎಂದಿನಂತೆ ಕಂಡ ಕಂಡ ಫ್ಯಾನ್ ಆರಿಸುತ್ತಲೇ ಒಳಗೆ ಬಂದರು. ಕಡಲಿನ ಕೊಳಕನ್ನು ಪರೀಕ್ಷಿಸುವ ಆ ಕಚೇರಿಯಲ್ಲಿ ಅವರಿಗೆ ಆ ಹೆಸರಿಟ್ಟವಳು ಕಸ ಗುಡಿಸುವ ಅವಳೇ. ಹಾಳೆಯ ಎರಡೂ ಮಗ್ಗುಲು ಬರೆಯದಿದ್ದರೆ ಅವರಿಗೆ ಅನ್ನ ಇಳಿಯದು. ಯಾರಾದರೂ ಕಾಗದದ ಲೋಟದಲ್ಲಿ ಚಹಾ ಕುಡಿದರೆ ಮನೆಯಲ್ಲಿ ಸಾವಾದವರಂತೆ ಮುಖ ಮಾಡುವರು. ಕಾರ್ಖಾನೆಯ ಕೊಳವೆ ಕಡಲಿಗೆ ಬೀಳುವಲ್ಲಿ ಇಳಿದು ಬಾಟಲಿಗೆ ನೀರು ತುಂಬಿ ತರುವುದು ಅವಳ ಗಂಡನ ಕೆಲಸ. “ಸಾಹೇಬ್ರೇ, ಕೈ ಕೊಯ್ದುಕೊಂಡಿದೆ, ಒಂದು ಜೊತೆ ಗ್ಲೌಸ್ ಕೊಡಿ,” ಅಂದ ಅವನು ಆ ದಿನ. “ಒಂದ್ಸಲ ಹಾಕಿ ಬಿಸಾಡೋ ಪ್ಲಾಸ್ಟಿಕ್ ಕಣಯ್ಯಾ ಅದು! ಕಡಲು ಉಳೀಬೇಕೋ ಬೇಡ್ವೋ?” “ಉಳೀಲಿ ಬಿಡಿ,” ಎಂದು ನಕ್ಕು ಬರಿಗೈಯಲ್ಲೇ ಹೋದ. ಗಾಯಕ್ಕೆ ಆ ನೀರು ಸೇರಿ ನಂಜೇರಿತು. ವಾರ ತುಂಬುವ ಮೊದಲೇ ಸತ್ತ. ಮಣ್ಣಿಗೆ ಬಂದ ಸಾಹೇಬರು ಅತ್ತರು, ಅದು ಸುಳ್ಳಲ್ಲ. ಮಾರನೆಯ ದಿನ ಬೀರುವಿನಲ್ಲಿ ಕೂಡಿಟ್ಟಿದ್ದ ಗ್ಲೌಸಿನ ಡಬ್ಬಿಯನ್ನು ತಾವೇ ತಂದು ಬಾಟಲಿಗಳ ಪಕ್ಕ ಇಟ್ಟರು. ಅದರ ಮೇಲೊಂದು ಚೀಟಿ, ಹಳೆಯ ಹಾಳೆಯ ಹಿಂಬದಿಯಲ್ಲಿ ಬರೆದದ್ದು: ‘ತೀರಾ ಬೇಕಾದರೆ ಮಾತ್ರ.’ ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿ, ಕಿತ್ತು ಬಿಸಾಡಿದಳು. ಅವರು ಮತ್ತೆ ಅಂಟಿಸಿದರು. ಈಗಲೂ ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಅವಳು ಆ ಚೀಟಿ ಕಿತ್ತು ಕಸಕ್ಕೆ ಹಾಕುತ್ತಾಳೆ. ಒಂದು ಜೊತೆ ತೆಗೆದು, ನೀರು ತರಲು ಹೊರಟ ಹೊಸಬನ ಕೈಗೆ ತಾನೇ ತೊಡಿಸುತ್ತಾಳೆ. “ತೀರಾ ಬೇಕಪ್ಪಾ,” ಅನ್ನುತ್ತಾಳೆ, “ಹಾಕ್ಕೋ.”