ವಿಯೆನ್ನಾದ ಖಾಲಿ ತೊಟ್ಟಿಲು

ಲಿನ್‌ವುಡ್‌ನ ವಸಂತಲಕ್ಷ್ಮಿಯವರಿಗೆ, ಅಂದರೆ ನಮ್ಮ ವಸಂತಕ್ಕನಿಗೆ, ಜಗತ್ತಿನಲ್ಲಿ ಎರಡೇ ಥರದ ವಸ್ತುಗಳು: ದಸರಾ ಗೊಂಬೆಗಳ ಜೊತೆ ಕೂರಿಸಬಹುದಾದವು, ಕೂರಿಸಲಾಗದವು. ಹುಟ್ಟಿದ್ದು ಮೈಸೂರು, ಈಗ ನಮ್ಮ ಹಾಗೇ ಈ ಪರದೇಶದಲ್ಲಿ ವಾಸ. ಆಫೀಸಿನಲ್ಲಿ ನಲವತ್ತು ಜನ ಅವರ ಮಾತಿಗೆ ನಡುಗುತ್ತಾರಂತೆ. ಆದರೆ ಹೋದ ದಸರಾದಲ್ಲಿ ಎಲ್ಲರೂ ಕ್ಯಾನ್ಯನ್ ಪಾರ್ಕ್ ಹತ್ತಿರದ ಪ್ರತಿಭಾ ಮನೆಯ ಗೊಂಬೆಗಳನ್ನೇ ಹೊಗಳಿದ್ದು ಅವರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಡಿಸೆಂಬರ್ ರಜೆಗೆ ವಸಂತಕ್ಕ, ಗೆಳತಿ ಕೀರ್ತಿ, ಹನ್ನೊಂದು ತಿಂಗಳ ಮಗಳು ಮೈತ್ರಿಯನ್ನು ಹೊತ್ತ ನಾನು ಯುರೋಪಿಗೆ ಹೋದೆವು. ಬ್ರಾಟಿಸ್ಲಾವಾದಲ್ಲಿ ಉಳಿದುಕೊಂಡು, ಒಂದು ದಿನದ ಮಟ್ಟಿಗೆ ರೈಲಿನಲ್ಲಿ ಒಂದು ಗಂಟೆ ದೂರದ ವಿಯೆನ್ನಾ. ಕೀರ್ತಿಗೆ ಅರಮನೆ ನೋಡುವ ಆಸೆ. ನನಗೆ ಮಗುವಿಗೆ ಶೀತ ಆಗದಿದ್ದರೆ ಸಾಕು. ವಸಂತಕ್ಕ ಮಾತ್ರ ರೈಲಿಳಿದವರೇ ಕ್ರಿಸ್‌ಮಸ್ ಸಂತೆಗೆ ನುಗ್ಗಿದರು.

ಅಲ್ಲಿ ಸಿಕ್ಕವು, ಯೇಸು ಹುಟ್ಟಿದ ಕೊಟ್ಟಿಗೆಯ ಮರದ ಗೊಂಬೆಗಳು. ತಾಯಿ, ತಂದೆ, ಮೂವರು ರಾಜರು, ಹಸು, ಕತ್ತೆ, ಹುಲ್ಲಿನ ತೊಟ್ಟಿಲು, ಕಡಲೆಕಾಯಿಯಷ್ಟು ಮಗು.

"ನೋಡ್ರೇ, ಗೋಕುಲ ರೆಡಿ!" ಎಂದರು ವಸಂತಕ್ಕ.

"ಅಕ್ಕಾ, ಕತ್ತೆ?" ಎಂದಳು ಕೀರ್ತಿ.

"ವಸುದೇವ ಕಾಲು ಹಿಡಿದಿದ್ದು ಯಾರ್ದೇ?"

ಅಂಗಡಿಯವರು ಕಟ್ಟಿಕೊಟ್ಟ ಗೊಂಬೆಗಳ ಡಬ್ಬಿಯನ್ನು ಮೈತ್ರಿಯ ತಳ್ಳುಗಾಡಿಯಲ್ಲೇ ಇಟ್ಟರು. ಟ್ರಾಮಿನಲ್ಲಿ ಕೂತು ನೋಡಿದರೆ ಮುಚ್ಚಳ ತೆರೆದಿದೆ, ತೊಟ್ಟಿಲು ಖಾಲಿ, ನನ್ನ ಮಗಳು ಏನನ್ನೋ ಚಪ್ಪರಿಸುತ್ತಿದ್ದಾಳೆ.

"ನುಂಗಿಬಿಟ್ಳು!" ಎಂದು ಕಿರುಚಿದೆ.

"ಅಯ್ಯೋ, ಕೃಷ್ಣನ್ನಾ?" ಎಂದರು ವಸಂತಕ್ಕ.

ಹೀಗಾಗಿ ವಿಯೆನ್ನಾದಲ್ಲಿ ನಾವು ನೋಡಿದ ಭವ್ಯ ಕಟ್ಟಡವೆಂದರೆ ಒಂದು ಮಕ್ಕಳ ಆಸ್ಪತ್ರೆ. ಮೂರು ಗಂಟೆ ಕಾದೆವು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ವಸಂತಕ್ಕ, "ಮರದ್ದು ಕಣೇ, ಎಕ್ಸ್‌ರೇಲಿ ಎಲ್ಲಿ ಕಾಣುತ್ತೆ?" ಎಂದರು. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು: "ಅಳಬೇಡ, ನಾಳೆ ನಾಡಿದ್ದರಲ್ಲಿ ಬರುತ್ತೆ. ತೊಳ್ಕೊಂಡು ಇಟ್ಕೋತೀನಿ."

"ಅಕ್ಕಾ, ದಮ್ಮಯ್ಯ, ಸುಮ್ನಿರಿ," ಎಂದಳು ಕೀರ್ತಿ.

ಅಷ್ಟರಲ್ಲಿ ನರ್ಸ್ ಡಬ್ಬಿ ನೋಡಿ ನಕ್ಕಳು. ತಳದ ಹುಲ್ಲು ಸರಿಸಿ ಪುಟ್ಟ ಕಾಗದದ ಪೊಟ್ಟಣ ತೆಗೆದಳು. ಒಳಗೆ ಮಗು! ಕ್ರಿಸ್‌ಮಸ್ ಹಿಂದಿನ ರಾತ್ರಿಯವರೆಗೆ ತೊಟ್ಟಿಲು ಖಾಲಿ ಇಡುವುದು ಅವಳ ಮನೆಯ ಪದ್ಧತಿಯಂತೆ. ಅದಕ್ಕೇ ಅಂಗಡಿಯವರು ಮಗುವನ್ನು ಬೇರೆ ಸುತ್ತಿ ಕೊಟ್ಟಿರಬೇಕು ಎಂದಳು. ಮೈತ್ರಿ ಚಪ್ಪರಿಸುತ್ತಿದ್ದದ್ದು ತನ್ನದೇ ಕೈಗವಸು.

ನಾನು ಮಗಳನ್ನು ಅಪ್ಪಿಕೊಂಡೆ. ವಸಂತಕ್ಕ ಗೊಂಬೆಯನ್ನು ಕಣ್ಣಿಗೊತ್ತಿಕೊಂಡರು. "ನಮ್ಮಲ್ಲೂ ಅಷ್ಟೇ ಅಲ್ವಾ, ಅಷ್ಟಮಿ ಮಧ್ಯರಾತ್ರಿಗೇ ತೊಟ್ಟಿಲಿಗೆ ಹಾಕೋದು! ನಂಗೆ ಮೊದಲೇ ಹೊಳೀಬೇಕಿತ್ತು."

ಈ ಸಲದ ದಸರಾದಲ್ಲಿ ಲಿನ್‌ವುಡ್ಡಿನ ಗೋಕುಲದ ಮುಂದೆ ಪ್ರತಿಭಾ ಐದು ನಿಮಿಷ ಕದಲಲಿಲ್ಲ. ಮೂವರು ರಾಜರು ಪಂಚೆ ಉಟ್ಟು ನಿಂತಿದ್ದರು.

"ಎಲ್ಲಿ ಸಿಕ್ಕಿತ್ರೀ ಇದು?"

"ನಮ್ಮಜ್ಜಿ ಕಾಲದ್ದು," ಎಂದರು ವಸಂತಕ್ಕ, ಕೋಸಂಬರಿ ಬಡಿಸುತ್ತ.

ಕೀರ್ತಿ ನನ್ನನ್ನು ತಿವಿದಳು. ನನಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ಮಗಳನ್ನು ಕಂಕುಳಲ್ಲಿ ಅವುಚಿಕೊಂಡು ಗೊಂಬೆಗಳನ್ನು ಎಣಿಸುತ್ತಿದ್ದೆ.